ನೊಣಕ್ಕೆ ಸರ್ವೆ ನಂಬರ್ ಗೊತ್ತಿಲ್ಲ

ಹಾಗಲಕಾಯಿ ಬೆಳೆಯುವ ಮನೆಯಲ್ಲಿ ಕೊಯ್ಯುವುದಕ್ಕಿಂತ ಆರಿಸುವ ಕೆಲಸವೇ ದೊಡ್ಡದು. ಕೊಯ್ದು ತಂದದ್ದನ್ನೆಲ್ಲ ಜಗುಲಿಯ ಮೇಲೆ ಸುರಿದುಕೊಂಡು, ಸೊಟ್ಟಗಾದದ್ದು, ಒಂದೇ ಕಡೆ ಹಳದಿ ತಿರುಗಿದ್ದು, ಮೈಮೇಲೆ ಅಂಟಿನ ಹನಿ ಒಣಗಿದ್ದು, ಇಷ್ಟನ್ನೂ ಬೇರೆ ಹಾಕಬೇಕು. ಅಂಥದ್ದೊಂದನ್ನು ಮುರಿದರೆ ಒಳಗೆ ಅಕ್ಕಿಕಾಳಿನಂಥ ಬಿಳಿ ಹುಳುಗಳು ಮಿಜಿಗುಟ್ಟುತ್ತಿರುತ್ತವೆ. ಒಂದು ಕ್ರೇಟಿನಲ್ಲಿ ಇಂಥ ಎರಡು ಕಾಯಿ ಸಿಕ್ಕರೆ ಸಾಕು, ಮಂಡಿಯಲ್ಲಿ ಇಡೀ ಲಾಟಿಗೇ ದರ ಬೀಳುತ್ತದೆ.

ನಮ್ಮೂರು ಚಾಮರಾಜನಗರ ತಾಲ್ಲೂಕಿನ ಚಂದಕವಾಡಿ. ಅರಿಶಿನ, ಬಾಳೆ, ಕಬ್ಬು, ತೆಂಗಿನ ನಡುವೆ ಬೋರ್‌ವೆಲ್ ನೀರು ನಂಬಿ ಅರ್ಧ ಎಕರೆ, ಮುಕ್ಕಾಲು ಎಕರೆಯಲ್ಲಿ ಚಪ್ಪರ ಹಾಕಿ ಹಾಗಲ, ಹೀರೆ, ಪಡವಲ ಬೆಳೆಯುವ ಸಣ್ಣ ಹಿಡುವಳಿದಾರರಲ್ಲಿ ನಾವೂ ಒಬ್ಬರು. ಕಲ್ಲುಕಂಬ, ತಂತಿ, ಹನಿ ನೀರಾವರಿ ಪೈಪು ಎಲ್ಲವೂ ಸಾಲದ ದುಡ್ಡಿನವು. ಕಳೆದ ಬೇಸಿಗೆಯ ಬೆಳೆಯಲ್ಲಿ ಆರಿಸಿ ಬಿಸಾಡಿದ ರಾಶಿ, ಮಂಡಿಗೆ ಕಳಿಸಿದ ರಾಶಿಯ ಜೊತೆ ಪೈಪೋಟಿಗೆ ಬಿತ್ತು. ಅಪ್ಪ ಒಂದು ಸಂಜೆ ಲೆಕ್ಕದ ಪುಸ್ತಕ ಮುಚ್ಚಿ, ‘ಇನ್ನೊಂದ್ ಬೆಳೆ ನೋಡವ ಕನಾ ಮಗ. ಹಿಂಗೇ ಆದ್ರೆ ಕಂಬ ಕಿತ್ತು ಮಾರ್ಬುಡದೆಯ’ ಎಂದರು. ನಾನು ಬಿ.ಎಸ್ಸಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತ ಮನೆಯಲ್ಲಿದ್ದೇನೆ. ಕಂಬ ಕಿತ್ತರೆ ನನ್ನ ಓದಿಗೂ ಅಲ್ಲಿಗೇ ಮಂಗಳ ಎನ್ನುವುದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ದಿನಗಳಲ್ಲೇ ಮಾದರಿ ಪ್ರಶ್ನೆಪತ್ರಿಕೆಯೊಂದರಲ್ಲಿ ಒಂದು ಅಂಕದ ಪ್ರಶ್ನೆ ಸಿಕ್ಕಿತು: ಬಂಜೆ ಕೀಟ ತಂತ್ರದಲ್ಲಿ ಸಾಮಾನ್ಯವಾಗಿ ಬಳಸುವ ವಿಕಿರಣ ಯಾವುದು? ಉತ್ತರ, ಗಾಮಾ. ನಿಮ್ಮಲ್ಲಿ ಬಹಳ ಜನ ಇದಕ್ಕೆ ಟಿಕ್ ಹಾಕಿ ಮುಂದಿನ ಪ್ರಶ್ನೆಗೆ ಹೋಗಿರುತ್ತೀರಿ. ನನಗೆ ಮಾತ್ರ ಜಗುಲಿಯ ಮೇಲಿನ ರಾಶಿ ಕಣ್ಣ ಮುಂದೆ ಬಂತು. ಮುಂದಿನ ಕೆಲವು ವಾರ ಸಾಮಾನ್ಯ ಜ್ಞಾನದ ಪುಸ್ತಕ ಪಕ್ಕಕ್ಕಿಟ್ಟು ಈ ಒಂದು ಅಂಕದ ಹಿಂದೆ ಬಿದ್ದೆ.

ಮೊದಲು ಶತ್ರುವಿನ ಪರಿಚಯ ಆಗಬೇಕು. ಗಾತ್ರದಲ್ಲಿ ಮನೆ ನೊಣದಷ್ಟೇ, ಆದರೆ ಕಂದು-ಹಳದಿ ಮೈ, ಕಣಜದಂಥ ಸೊಂಟ, ರೆಕ್ಕೆಯ ಮೇಲೆ ಕಂದು ಪಟ್ಟೆ. ಹಾಗಲ, ಸೌತೆ, ಕುಂಬಳದ ಬಳ್ಳಿಗಳಿಗೆ ಬೀಳುವುದು ಒಂದು ಜಾತಿ, ಮಾವು, ಸೀಬೆಗೆ ಬೀಳುವುದು ಅದರ ದಾಯಾದಿ. ಹೆಣ್ಣು ನೊಣ ಎಳೆ ಕಾಯಿಯ ಸಿಪ್ಪೆಗೆ ಸೂಜಿಯಂಥ ಅಂಗ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಒಂದೆರಡು ದಿನದಲ್ಲಿ ಮೊಟ್ಟೆ ಒಡೆದು ಹುಳು ತಿರುಳು ತಿನ್ನಲು ಶುರು. ಬಲಿತ ಹುಳು ಕಾಯಿಯಿಂದ ಹೊರಬಿದ್ದು ಮಣ್ಣಿನಲ್ಲಿ ಕೆಲವೇ ಅಂಗುಲ ಆಳಕ್ಕೆ ಇಳಿದು ಕೋಶ ಕಟ್ಟುತ್ತದೆ. ನಮ್ಮ ಬಿಸಿಲಿಗೆ ಎರಡು-ಮೂರು ವಾರದಲ್ಲಿ ಹೊಸ ನೊಣ ಹಾರುತ್ತದೆ.

ಔಷಧಿ ಎಲ್ಲಿ ಸೋಲುತ್ತದೆ ಎನ್ನುವುದು ಈ ಕಥೆಯಲ್ಲೇ ಇದೆ. ಮೊಟ್ಟೆ, ಹುಳು ಕಾಯಿಯೊಳಗೆ, ಕೋಶ ಮಣ್ಣೊಳಗೆ. ಸಿಂಪಡಿಸಿದ್ದು ತಾಗುವುದು ಹಾರುವ ನೊಣಕ್ಕೆ ಮಾತ್ರ. ಅದೂ ದಿನದ ಬಹುಪಾಲು ಚಪ್ಪರದಲ್ಲಿ ಇರುವುದಿಲ್ಲ, ಬದುವಿನ ಜೋಳ, ಹರಳು ಗಿಡದ ಎಲೆಯ ಅಡಿ ಕೂತಿರುತ್ತದೆ. ಇತ್ತ ಮೂರು ದಿನಕ್ಕೊಮ್ಮೆ ಕೊಯ್ಯುವ ಬೆಳೆ. ಔಷಧಿ ಹೊಡೆದು ಇಷ್ಟು ದಿನ ಕೊಯ್ಯಬೇಡಿ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಕಾಯಿ ಕಾಯುವುದಿಲ್ಲ, ಬಲಿತುಬಿಡುತ್ತದೆ. ಬೆಳಿಗ್ಗೆ ಹೊಡೆದರೆ ಹೂವಿಗೆ ಬರುವ ಜೇನುನೊಣ ಸಾಯುತ್ತವೆ. ಅವಿಲ್ಲದಿದ್ದರೆ ಬಳ್ಳಿಯಲ್ಲಿ ಕಾಯಿ ಕಚ್ಚುವುದೇ ಇಲ್ಲ. ಅಂಗಡಿಯವರು ಪ್ರತಿ ಸಲ ಹೊಸ ಬಾಟಲಿ ಕೊಡುತ್ತಾರೆ, ಹಳೆಯದಕ್ಕಿಂತ ‘ಪವರ್ ಜಾಸ್ತಿ’ ಅಂತ.

ಈಗ ಆ ಒಂದು ಅಂಕದ ವಿಷಯ. ಅಮೆರಿಕದಲ್ಲಿ ದನಗಳ ಗಾಯದಲ್ಲಿ ಮೊಟ್ಟೆ ಇಟ್ಟು ಜೀವಂತ ಮಾಂಸ ತಿನ್ನುವ ಹುಳುವಿನ ನೊಣವೊಂದಿತ್ತು. ಅದರ ಬೆನ್ನು ಹತ್ತಿದ್ದ ಎಡ್ವರ್ಡ್ ನಿಪ್ಲಿಂಗ್ ಎಂಬ ಕೀಟತಜ್ಞರಿಗೆ 1930ರ ದಶಕದಲ್ಲೇ ಒಂದು ವಿಚಿತ್ರ ಯೋಚನೆ ಹೊಳೆಯಿತು: ನೊಣವನ್ನು ಕೊಲ್ಲುವುದರ ಬದಲು ನಾವೇ ಕೋಟಿಗಟ್ಟಲೆ ಸಾಕಿ, ಅವುಗಳ ಸಂತಾನಶಕ್ತಿ ಕಳೆದು ಬಿಟ್ಟರೆ? ಕಾಡಿನ ಹೆಣ್ಣು ಅಂಥ ಗಂಡಿನ ಜೊತೆ ಕೂಡಿದರೆ ಮೊಟ್ಟೆ ಇಡುತ್ತದೆ, ಒಡೆಯುವುದಿಲ್ಲ. ಕೇಳಿದವರು ನಕ್ಕರು. ಎಕ್ಸ್-ಕಿರಣದಿಂದ ವಂಶವಾಹಿಗಳು ಹಾಳಾಗುತ್ತವೆ ಎಂದು ಹರ್ಮನ್ ಮುಲ್ಲರ್ ತೋರಿಸಿದ್ದು 1927ರಲ್ಲಿ. ನಿಪ್ಲಿಂಗ್ ಅವರ ಒಡನಾಡಿ ರೇಮಂಡ್ ಬುಶ್‌ಲ್ಯಾಂಡ್ ಸೇನಾ ಆಸ್ಪತ್ರೆಯ ಎಕ್ಸ್-ರೇ ಯಂತ್ರದಲ್ಲಿ ನೊಣದ ಕೋಶಗಳನ್ನಿಟ್ಟು ಪರೀಕ್ಷಿಸಿದರು. 1954ರಲ್ಲಿ ಕ್ಯುರಸಾವ್ ಎಂಬ ಕೆರಿಬಿಯನ್ ದ್ವೀಪದಲ್ಲಿ ವಿಮಾನದಿಂದ ಇಂಥ ನೊಣಗಳನ್ನು ಬಿಟ್ಟಾಗ ಕೆಲವೇ ತಿಂಗಳಲ್ಲಿ ಅಲ್ಲಿನ ಆಡುಗಳು ಆ ಹುಳುವಿನಿಂದ ಮುಕ್ತವಾದವು. ನಗು ಅಲ್ಲಿಗೆ ನಿಂತಿತು. 1992ರಲ್ಲಿ ಇಬ್ಬರಿಗೂ ವಿಶ್ವ ಆಹಾರ ಪ್ರಶಸ್ತಿ ಬಂತು.

ಅಂದಹಾಗೆ, ‘ಬಂಜೆ’ ಎಂಬ ಪದ ನನಗೆ ಇಷ್ಟವಿಲ್ಲ. ಆ ಮಾತಿನಿಂದ ನಮ್ಮ ಬೀದಿಗಳಲ್ಲಿ ಎಷ್ಟು ಹೆಂಗಸರು ನೊಂದಿದ್ದಾರೆ ಎನ್ನುವುದು ಎಲ್ಲರಿಗೂ ಗೊತ್ತು. ಗಂಡಿಗೆ ಬಳಸುವ ಬೈಗುಳದ ಪದಗಳೂ ಇಲ್ಲಿ ಸರಿಹೋಗುವುದಿಲ್ಲ. ಯಾಕೆಂದರೆ ಈ ಗಂಡು ನೊಣ ಹಾರುತ್ತದೆ, ಹೆಣ್ಣನ್ನು ಒಲಿಸುತ್ತದೆ, ಕೂಡುತ್ತದೆ, ವೀರ್ಯವನ್ನೂ ಕೊಡುತ್ತದೆ. ಆ ವೀರ್ಯದೊಳಗಿನ ವರ್ಣತಂತು ಮುರಿದಿರುವುದರಿಂದ ಭ್ರೂಣ ಬೆಳೆಯುವುದಿಲ್ಲ ಅಷ್ಟೆ. ಇರಲಿ, ಪಠ್ಯಪುಸ್ತಕದ ಪದವನ್ನೇ ಬಳಸುತ್ತೇನೆ.

ಇದರ ಲೆಕ್ಕ ಬಲು ಚೆಂದ. ಪೆನ್ನು-ಕಾಗದ ಇದ್ದರೆ ನೀವೂ ಹಾಕಿ ನೋಡಬಹುದು. ಒಂದು ಊರಿನಲ್ಲಿ 1,000 ಹೆಣ್ಣು, 1,000 ಗಂಡು ನೊಣ ಇವೆ ಎನ್ನೋಣ. ಒಂದು ಹೆಣ್ಣಿನಿಂದ ಮುಂದಿನ ಪೀಳಿಗೆಗೆ ಐದು ಹೆಣ್ಣು ಉಳಿಯುತ್ತವೆ. ನಾವು ಪ್ರತಿ ಪೀಳಿಗೆಗೂ 9,000 ಬಂಜೆ ಗಂಡು ಬಿಡುತ್ತೇವೆ. ಆಗ ಹತ್ತು ಹೆಣ್ಣಿನಲ್ಲಿ ಒಂದಕ್ಕೆ ಮಾತ್ರ ನಿಜವಾದ ಗಂಡು ಸಿಗುತ್ತದೆ. ಅಂದರೆ 100 ಹೆಣ್ಣು, ಅವುಗಳಿಂದ 500. ಮುಂದಿನ ಸುತ್ತಿನಲ್ಲಿ 500 ಗಂಡಿಗೆ ಎದುರಾಗಿ ಮತ್ತೆ 9,000. ಈ ಸಲ ಉಳಿಯುವುದು ಸುಮಾರು 130. ಮೂರನೇ ಸುತ್ತಿಗೆ ಹತ್ತರ ಆಸುಪಾಸು. ನಾಲ್ಕನೆಯದಕ್ಕೆ ಸೊನ್ನೆ. ಇದರ ಪಕ್ಕದಲ್ಲಿ ನೂರಕ್ಕೆ ತೊಂಬತ್ತು ನೊಣ ಕೊಲ್ಲುವ ಔಷಧಿಯ ಲೆಕ್ಕ ಇಡಿ: 1,000, 500, 250, 125. ನಾಲ್ಕು ಸುತ್ತಾದರೂ ಅರವತ್ತು ಉಳಿದಿರುತ್ತವೆ. ಔಷಧಿ ಯಾವಾಗಲೂ ಅಷ್ಟೇ ಪಾಲು ಕೊಲ್ಲುತ್ತದೆ. ಬಂಜೆ ನೊಣವಾದರೋ ಶತ್ರುವಿನ ಸಂಖ್ಯೆ ಕಡಿಮೆಯಾದಷ್ಟೂ ಬಲವಾಗುತ್ತದೆ. ಹೊಲದಲ್ಲಿ ಇಷ್ಟು ನೀಟಾಗಿ ನಡೆಯುವುದಿಲ್ಲ ನಿಜ. ಹಣ್ಣು ನೊಣದ ಹೆಣ್ಣು ಒಂದಕ್ಕಿಂತ ಹೆಚ್ಚು ಸಲ ಕೂಡಬಹುದು, ಸಾಕಿದ ಗಂಡು ಕಾಡಿನ ಗಂಡಿನಷ್ಟು ಚುರುಕಿರುವುದಿಲ್ಲ. ಹಾಗಾಗಿ ಒಂದಕ್ಕೆ ಒಂಬತ್ತಲ್ಲ, ಇನ್ನೂ ಎಷ್ಟೋ ಪಟ್ಟು ಬಿಡುತ್ತಾರೆ. ಆದರೂ ಲೆಕ್ಕದ ದಿಕ್ಕು ಇದೇ.

ನಮ್ಮ ಹಾಗಲಕಾಯಿಗೆ ಬೀಳುವ ಇದೇ ನೊಣದ ಮೇಲೆ ಈ ತಂತ್ರ ಪೂರ್ತಿ ಗೆದ್ದ ಊರೊಂದಿದೆ. ಜಪಾನಿನ ದಕ್ಷಿಣ ತುದಿಯ ಒಕಿನಾವಾ ದ್ವೀಪಗಳು. ಅಲ್ಲಿನವರಿಗೂ ಹಾಗಲಕಾಯಿ ಎಂದರೆ ಪ್ರಾಣ, ‘ಗೋಯಾ’ ಎನ್ನುತ್ತಾರೆ. ಈ ನೊಣ ಅಲ್ಲಿಗೆ ಹೊರಗಿನಿಂದ ಬಂದದ್ದು. ಮೊದಲು ಕಾಣಿಸಿಕೊಂಡದ್ದು 1919ರಲ್ಲಿ, ಆಮೇಲೆ ದ್ವೀಪದಿಂದ ದ್ವೀಪಕ್ಕೆ ಹಬ್ಬಿ 1970ರ ದಶಕದ ಆರಂಭದಲ್ಲಿ ಮುಖ್ಯ ದ್ವೀಪಕ್ಕೂ ಬಂತು. ನೊಣ ದಾಟಿ ಬಂದೀತೆಂದು ಜಪಾನಿನ ಇತರ ಭಾಗಗಳಿಗೆ ಹಾಗಲ, ಸೌತೆಗಳನ್ನು ಕಳಿಸುವುದಕ್ಕೇ ನಿರ್ಬಂಧ ಬಿತ್ತು. ಬೆಳೆದದ್ದನ್ನು ತಾವೇ ತಿನ್ನಬೇಕು, ಇಲ್ಲವೇ ಚೆಲ್ಲಬೇಕು.

ಅವರು ಕುಮೆ ಎಂಬ ಸಣ್ಣ ದ್ವೀಪದಿಂದ ಶುರುಮಾಡಿದರು. ಮೊದಲು ಬಲೆ, ವಿಷದ ಆಮಿಷ ಬಳಸಿ ಕಾಡು ನೊಣದ ಸಂಖ್ಯೆ ಇಳಿಸಿದರು. 1975ರಲ್ಲಿ ಬಂಜೆ ನೊಣ ಬಿಡತೊಡಗಿದರು, 1978ರಲ್ಲಿ ಕುಮೆ ಮುಕ್ತ ಎಂದು ಘೋಷಿಸಿದರು. ಆಮೇಲೆ ದೊಡ್ಡ ಕಾರ್ಖಾನೆ ಕಟ್ಟಿ ಒಂದೊಂದೇ ದ್ವೀಪ ಹಿಡಿದು 1993ರ ಹೊತ್ತಿಗೆ ಇಡೀ ಒಕಿನಾವಾದಿಂದ ಈ ನೊಣವನ್ನು ತೊಡೆದುಹಾಕಿದರು. ಅಷ್ಟರಲ್ಲಿ ಬಿಟ್ಟ ಬಂಜೆ ನೊಣಗಳ ಒಟ್ಟು ಸಂಖ್ಯೆ 5,000 ಕೋಟಿಗೂ ಹೆಚ್ಚು. ಹಾಗಲಕಾಯಿ ಟೋಕಿಯೊದ ಅಂಗಡಿಗಳಿಗೆ ಹೋಗಲು ಶುರುವಾಯಿತು, ಈಗ ಅಲ್ಲಿ ಅದು ಬೇಸಿಗೆಯ ಜನಪ್ರಿಯ ತರಕಾರಿ.

ಕಾರ್ಖಾನೆ ಎಂದಾಗ ನನಗೆ ಮೊದಲು ನಗು ಬಂದಿತ್ತು. ಆದರೆ ಒಳಗಿನ ಕೆಲಸ ಓದಿದರೆ ನಮ್ಮ ರೇಷ್ಮೆ ಸಾಕಣೆಯ ಶಿಸ್ತೇ ನೆನಪಾಗುತ್ತದೆ. ಗೋಧಿ ಬೂಸ, ಸಕ್ಕರೆ, ಈಸ್ಟ್ ಕಲಸಿದ ಆಹಾರದ ತಟ್ಟೆಗಳಲ್ಲಿ ಹುಳು ಬೆಳೆಸುತ್ತಾರೆ. ಕೋಶದಿಂದ ನೊಣ ಹೊರಬರಲು ಒಂದೆರಡು ದಿನ ಇರುವಾಗ ಕೋಬಾಲ್ಟ್-60ರ ಗಾಮಾ ಕಿರಣಕ್ಕೆ ಒಡ್ಡುತ್ತಾರೆ. ಪ್ರಮಾಣ ಹೆಚ್ಚಾದರೆ ನೊಣ ಸೋಮಾರಿ, ಕಡಿಮೆಯಾದರೆ ಸಂತಾನ ಉಳಿದೀತು. ಆಮೇಲೆ ಕೋಶಕ್ಕೆ ಹೊಳೆಯುವ ಬಣ್ಣದ ಪುಡಿ ಬಳಿಯುತ್ತಾರೆ. ಹೊರಬರುವ ನೊಣದ ತಲೆಗೆ ಅದು ಅಂಟಿಕೊಂಡು, ಬಲೆಗೆ ಬಿದ್ದಾಗ ನೇರಳಾತೀತ ಬೆಳಕಿನಲ್ಲಿ ‘ಇದು ನಮ್ಮದು, ಅದು ಕಾಡಿನದು’ ಎಂದು ಎಣಿಸಬಹುದು. ಮೆಡಿಟರೇನಿಯನ್ ಹಣ್ಣು ನೊಣದಲ್ಲಂತೂ ಇನ್ನೂ ಮುಂದೆ ಹೋಗಿದ್ದಾರೆ. ಮೊಟ್ಟೆಯನ್ನು 34 ಡಿಗ್ರಿ ಬಿಸಿಯಲ್ಲಿಟ್ಟರೆ ಹೆಣ್ಣು ಭ್ರೂಣಗಳಷ್ಟೇ ಸಾಯುವ ತಳಿ ಇದೆ, ಉಳಿಯುವುದೆಲ್ಲ ಗಂಡು. ಗ್ವಾಟೆಮಾಲಾದ ಕಾರ್ಖಾನೆಯಲ್ಲಿ ಇಂಥವನ್ನು ಕೋಟಿಗಟ್ಟಲೆ ತಯಾರಿಸುತ್ತಾರೆ. ಪ್ರಾಣಿಶಾಸ್ತ್ರ, ಕೀಟಶಾಸ್ತ್ರ ಓದಿ ‘ಇದರಿಂದ ಏನು ಕೆಲಸ ಸಿಗುತ್ತೆ’ ಎಂದು ನೆಂಟರಿಂದ ಕೇಳಿಸಿಕೊಳ್ಳುತ್ತಿರುವವರು ಗಮನಿಸಿ, ಇಂಥ ಕಡೆ ಸಾಕುವವರು, ಎಣಿಸುವವರು, ಗುಣಮಟ್ಟ ನೋಡುವವರು ಎಲ್ಲರೂ ಬೇಕು.

ವಿಕಿರಣ ಎಂದ ಕೂಡಲೇ ಹೆದರಿಕೆ ಸಹಜ. ಗಾಮಾ ಕಿರಣ ಹಾದುಹೋದ ನೊಣ ತಾನೇ ವಿಕಿರಣ ಸೂಸುವುದಿಲ್ಲ. ಆಸ್ಪತ್ರೆಯಲ್ಲಿ ನಮಗೆ ಚುಚ್ಚುವ ಎಷ್ಟೋ ಸಿರಿಂಜುಗಳನ್ನೂ ಇದೇ ಕಿರಣದಿಂದ ಶುದ್ಧಗೊಳಿಸುತ್ತಾರೆ. ಆದರೆ ಜನರಿಗೆ ಹೇಳದೆ ಮಾಡಿದರೆ ಒಳ್ಳೆಯ ವಿಜ್ಞಾನವೂ ಕೆಡುತ್ತದೆ. 1970ರ ದಶಕದಲ್ಲಿ ದೆಹಲಿಯ ಸುತ್ತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಬಂಜೆ ಸೊಳ್ಳೆಗಳ ಪ್ರಯೋಗ ನಡೆಸಿದವು. ಇದರ ಹಿಂದೆ ಬೇರೆ ದೇಶದ ಸಂಚಿದೆ ಎಂಬ ಅನುಮಾನ ಪತ್ರಿಕೆಗಳಿಂದ ಸಂಸತ್ತಿನವರೆಗೆ ಹೋಗಿ, 1975ರಲ್ಲಿ ಯೋಜನೆಯೇ ಮುಚ್ಚಿತು.

ಹಾಗಾದರೆ ಚಾಮರಾಜನಗರಕ್ಕೆ ಬಂಜೆ ನೊಣ ಯಾವಾಗ ಬರುತ್ತದೆ? ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ಓದಲು ಕೂತಿದ್ದೆ. ಓದುತ್ತ ಹೋದಂತೆ ಪ್ರಶ್ನೆಯೇ ಬದಲಾಯಿತು.

ಒಕಿನಾವಾಕ್ಕೂ ನಮಗೂ ಎರಡು ದೊಡ್ಡ ವ್ಯತ್ಯಾಸಗಳಿವೆ. ಅಲ್ಲಿ ಈ ನೊಣ ನುಸುಳಿ ಬಂದದ್ದು, ಇಲ್ಲಿ ಮನೆಯದು. ಏಷ್ಯಾದ ನಮ್ಮ ಭಾಗವೇ ಅದರ ತವರು ಎನ್ನುತ್ತಾರೆ. ಮಾವಿನ ನೊಣವೂ ಹಾಗೆಯೇ. 2003ರಲ್ಲಿ ಅದು ಆಫ್ರಿಕಾದ ಕೀನ್ಯಾದಲ್ಲಿ ಕಾಣಿಸಿಕೊಂಡಾಗ ಹೊಸ ಜಾತಿ ಎಂದುಕೊಂಡು ‘ದಾಳಿಕೋರ’ ಎಂಬ ಅರ್ಥದ ಹೆಸರಿಟ್ಟರು, ಆಮೇಲೆ ನೋಡಿದರೆ ನಮ್ಮ ಪರಿಚಯದ್ದೇ. 2014ರ ಮೇ ತಿಂಗಳಲ್ಲಿ ಐರೋಪ್ಯ ಒಕ್ಕೂಟ ಭಾರತದ ಮಾವಿನ ಜೊತೆಗೆ ಹಾಗಲ, ಪಡವಲ, ಬದನೆ, ಕೆಸುವನ್ನೂ ನಿಲ್ಲಿಸಿದ್ದು ಇಂಥ ನೊಣಗಳ ಭಯಕ್ಕೇ. ಮಾವಿನ ಮೇಲಿನ ನಿಷೇಧ ಮರುವರ್ಷ ತೆರವಾಯಿತು. ಬೇರೆಯವರ ಮನೆಯಲ್ಲಿ ನುಸುಳುಕೋರನಾದವನು ನಮ್ಮಲ್ಲಿ ಮನೆಯವನು, ಹಾಗಾಗಿ ಇಲ್ಲಿ ನಿರ್ಮೂಲನೆ ಎನ್ನುವುದು ಬರೀ ಮಾತು. ತಗ್ಗಿಸಬಹುದು ಅಷ್ಟೆ.

ಎರಡನೆಯದು ಸಮುದ್ರ. ಕುಮೆ ದ್ವೀಪದ ಸುತ್ತ ಉಪ್ಪುನೀರಿದೆ. ಚಂದಕವಾಡಿಯ ಸುತ್ತ ಇನ್ನಷ್ಟು ಚಪ್ಪರಗಳಿವೆ. ನಮ್ಮ ಮುಕ್ಕಾಲು ಎಕರೆಗೆ ನಾಳೆಯೇ ಯಾರಾದರೂ ಒಂದು ಲಕ್ಷ ಬಂಜೆ ನೊಣ ತಂದು ಬಿಟ್ಟರೂ ಪ್ರಯೋಜನವಿಲ್ಲ. ಪಕ್ಕದ ಹೊಲದಲ್ಲಿ ಕೂಡಿ, ಗರ್ಭ ಕಟ್ಟಿದ ಹೆಣ್ಣು ಹಾರಿ ಬಂದು ನಮ್ಮ ಕಾಯಿಗೆ ಚುಚ್ಚುತ್ತದೆ. ಅದಕ್ಕೆ ಸರ್ವೆ ನಂಬರ್ ಗೊತ್ತಿಲ್ಲ, ಹದ್ದುಬಸ್ತಿನ ಕಲ್ಲು ಕಾಣುವುದಿಲ್ಲ. ಗೆದ್ದ ಒಕಿನಾವಾದಲ್ಲೇ ಇವತ್ತಿಗೂ ಕಾವಲಿಗೆಂದು ಬಂಜೆ ನೊಣ ಬಿಡುತ್ತಲೇ ಇದ್ದಾರೆ. 2024ರಲ್ಲಿ ಅಲ್ಲಿ ಇದೇ ಕುಲದ ಇನ್ನೊಂದು ನೊಣ ಕಾಣಿಸಿಕೊಂಡು ಮತ್ತೆ ಓಡಾಟ ಶುರುವಾಗಿದೆ.

ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ಒಕಿನಾವಾದ ಇನ್ನೊಂದು ಕಥೆ. ಮಾವು, ಸೀಬೆಗೆ ಬೀಳುವ ನೊಣವೂ ಅಲ್ಲಿತ್ತು. ಅದನ್ನು ಅವರು ಬಂಜೆ ನೊಣವಿಲ್ಲದೆಯೇ ಓಡಿಸಿದರು. ಮೀಥೈಲ್ ಯೂಜಿನಾಲ್ ಎಂಬ ವಾಸನೆಗೆ ಆ ಜಾತಿಯ ಗಂಡುಗಳು ಹುಚ್ಚಾಗಿ ಬರುತ್ತವೆ, ನಮ್ಮ ತುಳಸಿ ಜಾತಿಯ ಕೆಲವು ಗಿಡಗಳಲ್ಲೂ ಅದಿದೆ. ಅದಕ್ಕೆ ಕೀಟನಾಶಕ ಬೆರೆಸಿ ನೆನೆಸಿದ ತುಂಡುಗಳನ್ನು ದ್ವೀಪದ ಉದ್ದಗಲಕ್ಕೂ, ಯಾರ ತೋಟ ಎಂದು ನೋಡದೆ ಹಂಚಿದರು. 1980ರ ದಶಕದ ನಡುವಿಗೆ ಆ ನೊಣ ಮಾಯ. ಅದೇ ಮೀಥೈಲ್ ಯೂಜಿನಾಲ್ ನಮ್ಮಲ್ಲೂ ಸಿಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮಾವಿನ ತೋಟಗಳಿಗೆ ಇದರ ಬಲೆಗಳನ್ನು ರೂಪಿಸಿ ಎಷ್ಟೋ ವರ್ಷವಾಯಿತು. ಹಾಗಲ, ಸೌತೆಯ ನೊಣಕ್ಕೆ ಕ್ಯೂ ಲ್ಯೂರ್ ಎಂಬ ಬೇರೆ ಆಕರ್ಷಕ ಬೇಕು. ಅದರ ಸೆಳೆತ ಅಷ್ಟು ಜೋರಿಲ್ಲ, ಆದ್ದರಿಂದಲೇ ಒಕಿನಾವಾದವರಿಗೆ ಬಂಜೆ ನೊಣದ ಸಹಾಯ ಬೇಕಾಯಿತು. ಆದರೂ ಸಂಖ್ಯೆ ಇಳಿಸಲು ಅದು ಸಾಕು.

ಅಂದರೆ ನಮ್ಮಲ್ಲಿ ಕೊರತೆ ಇರುವುದು ಕಾರ್ಖಾನೆಯದು ಮಾತ್ರವಲ್ಲ. ಎಲ್ಲರ ಹೊಲದಲ್ಲೂ, ಒಂದೇ ವಾರದಲ್ಲಿ ಆಗಬೇಕಾದ ಕೆಲಸವನ್ನು ನಾವು ಒಬ್ಬೊಬ್ಬರೇ, ತೋಚಿದಾಗ ಮಾಡುತ್ತಿದ್ದೇವೆ. ಒಬ್ಬನೇ ಬಲೆ ಕಟ್ಟಿದರೆ ಏನಾಗುತ್ತದೆ? ಬಲೆಗೆ ಬೀಳುವುದು ಗಂಡು ಮಾತ್ರ. ಬಾಟಲಿ ತುಂಬುತ್ತದೆ, ನೋಡಲು ಖುಷಿ, ಆದರೆ ಪಕ್ಕದ ಹೊಲದ ಗಂಡುಗಳು ಉಳಿದಿರುವುದರಿಂದ ಹೆಣ್ಣುಗಳಿಗೆ ಏನೂ ಕೊರತೆಯಿಲ್ಲ. ಕಾಯಿ ಕೊಳೆಯುವುದು ನಿಲ್ಲುವುದಿಲ್ಲ. ಆಗ ರೈತ ‘ಬಲೆ ಕೆಲ್ಸ ಮಾಡಲ್ಲ ಕನಪ್ಪ’ ಎಂದು ಮತ್ತೆ ಔಷಧಿ ಅಂಗಡಿಗೆ ಹೋಗುತ್ತಾನೆ. ಅವನ ಮಾತೂ ಸುಳ್ಳಲ್ಲ.

ಇದನ್ನು ಊರಿನಲ್ಲಿ ಹೇಳಲು ನನಗೆ ಜಪಾನ್ ಉಪಯೋಗಕ್ಕೆ ಬರಲಿಲ್ಲ, ಊಜಿ ನೊಣ ಬಂತು. ರೇಷ್ಮೆ ಸಾಕುವ ನಮ್ಮ ಜಿಲ್ಲೆಯಲ್ಲಿ ಅದರ ಹೆಸರು ಕೇಳದವರಿಲ್ಲ. 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದ ಈ ನೊಣ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಮನೆ ಮನೆಯ ಬೆಳೆ ಕೆಡಿಸಿತು. ಹುಳುಮನೆಯೊಳಗೆ ಔಷಧಿ ಹೊಡೆಯುವಂತಿಲ್ಲ, ಹೊಡೆದರೆ ರೇಷ್ಮೆ ಹುಳುವೂ ಹೋಗುತ್ತದೆ. ಹಾಗಾಗಿ ಬಾಗಿಲು-ಕಿಟಕಿಗೆ ಬಲೆ ಪರದೆ ಕಟ್ಟಿದರು, ನೆಲಕ್ಕೆ ಬಿದ್ದ ಊಜಿ ಹುಳು ಹೆಕ್ಕಿ ಕೊಂದರು, ಊಜಿಯ ಕೋಶವನ್ನೇ ತಿನ್ನುವ ಸಣ್ಣ ಪರಾವಲಂಬಿ ಕಣಜಗಳನ್ನು ತಂದು ಬಿಟ್ಟರು. ಕೀಟದ ವಿರುದ್ಧ ಕೀಟ ಬಿಡುವುದು ನಮ್ಮವರಿಗೆ ಹೊಸದೇನಲ್ಲ. ಈ ಮಾತು ತೆಗೆದಾಗ ದೊಡ್ಡಪ್ಪ ತಾವೇ ಮುಂದುವರಿಸಿದರು: ‘ನಾವ್ ಪರದೆ ಕಟ್ಟಿ, ಪಕ್ಕದ್ಮನೇರು ಕಟ್ನಿಲ್ಲ ಅಂದ್ರೆ ಏನ್ ಬಂತು? ಆಗ್ಲೇ ಗೊತ್ತಾಗಿತ್ತು ಕನಾ.’

ಹೀಗೆ ಈ ಬೆಳೆಗೆ ನಮ್ಮ ಬದುವಿನ ಆಚೀಚೆ ಇರುವ ಒಂಬತ್ತು ಚಪ್ಪರಗಳವರು ಒಂದು ಮಾತಿಗೆ ಬಂದಿದ್ದೇವೆ. ಹರದನಹಳ್ಳಿ ಫಾರಂನ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ, ಹೂವು ಬಿಡುವ ಮೊದಲೇ ಎಲ್ಲರೂ ಒಂದೇ ದಿನ ಕ್ಯೂ ಲ್ಯೂರ್ ಬಲೆ ಕಟ್ಟಿದೆವು. ಕೊಳೆತ ಕಾಯಿಯನ್ನು ಬದುವಿಗೆ ಎಸೆಯುವುದು ಬಂದ್. ಬದುವಿಗೆ ಎಸೆದ ಒಂದು ಕಾಯಿ ಎಂದರೆ ನೊಣದ ಹೆರಿಗೆ ಆಸ್ಪತ್ರೆ. ಎಲ್ಲವನ್ನೂ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಬಿಗಿದು ಬಿಸಿಲಿಗೆ ಇಡುತ್ತೇವೆ, ಒಳಗಿನ ಹುಳು ಬೆಂದು ಸಾಯುತ್ತವೆ. ಎರಡು ಬೆಳೆಯ ನಡುವೆ ಬಳ್ಳಿಯ ಬುಡದ ಮಣ್ಣು ಕೆದಕಿ ಕೋಶಗಳನ್ನು ಬಿಸಿಲಿಗೆ, ಇರುವೆಗೆ ಒಡ್ಡುತ್ತೇವೆ. ಔಷಧಿ ಪೂರ್ತಿ ನಿಂತಿಲ್ಲ. ಆದರೆ ಚಪ್ಪರದ ತುಂಬ ಹೊಡೆಯುವ ಬದಲು ಬೆಲ್ಲದ ನೀರಿಗೆ ಸ್ವಲ್ಪವೇ ಬೆರೆಸಿ, ನೊಣ ಕೂರುವ ಬದುವಿನ ಜೋಳದ ಮೇಲೆ ಅಲ್ಲಲ್ಲಿ ಚಿಮುಕಿಸುತ್ತೇವೆ. ಜೇನು ಉಳಿದಿವೆ.

ಇದರಲ್ಲಿ ಅತಿ ಕಷ್ಟದ್ದು ವಿಜ್ಞಾನದ ಭಾಗವಲ್ಲ. ಚೀಲ ಕಟ್ಟುವುದನ್ನು ಒಬ್ಬರು ಒಂದು ವಾರ ಮರೆತರೆ ಅವರ ಮನೆಗೆ ಹೋಗಿ ಹೇಳುವುದು ಯಾರು? ಹಿರಿಯರಿಗೆ ನಾನು ಹೇಳಿದರೆ ‘ಪರೀಕ್ಷೆಗೆ ಓದ್ಕೊ ಹೋಗು ಮಗ’ ಎನ್ನುತ್ತಾರೆ. ಈಗ ಆ ಕೆಲಸ ದೊಡ್ಡಪ್ಪನದು. ಎಣಿಕೆ ನನ್ನದು. ಪ್ರತಿ ಭಾನುವಾರ ಬಾಟಲಿಗಳ ನೊಣವನ್ನು ಹಳೆಯ ದಿನಪತ್ರಿಕೆಯ ಮೇಲೆ ಸುರಿದು, ಹೊಲವಾರು ಬರೆದುಕೊಂಡು, ಒಂಬತ್ತೂ ಮನೆಯವರಿರುವ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತೇನೆ. ಯಾರ ಹೊಲದಲ್ಲಿ ಜಾಸ್ತಿ ಬಿತ್ತು ಎಂದು ಮೊದಮೊದಲು ತಮಾಷೆ ನಡೆಯಿತು, ಈಗ ಜಾಸ್ತಿ ಬಿದ್ದವರೇ ಫೋನ್ ಮಾಡಿ ‘ಎತ್ಲಾಗಿಂದ ಬತ್ತಾವೆ ನೋಡು’ ಎನ್ನುತ್ತಾರೆ. ಬಹುಪಾಲು ಬರುತ್ತಿರುವುದು ರಸ್ತೆಯ ಆಚೆಗಿನ ಎರಡು ಹೀರೆ ಚಪ್ಪರದ ಕಡೆಯಿಂದ ಎನ್ನುವುದು ಬಾಟಲಿಗಳ ಲೆಕ್ಕದಲ್ಲಿ ಕಾಣುತ್ತಿದೆ.

ಆರಿಸಿ ಬಿಸಾಡುವ ರಾಶಿ ಸಣ್ಣದಾಗಿದೆ, ಇಲ್ಲವಾಗಿಲ್ಲ. ಅಪ್ಪ ಕಂಬದ ವಿಷಯ ಎತ್ತಿಲ್ಲ, ಇರಿಸುವ ಮಾತನ್ನೂ ಆಡಿಲ್ಲ. ರಸ್ತೆಯಾಚೆಯ ಆ ಎರಡು ಚಪ್ಪರದವರಲ್ಲಿ ಒಬ್ಬರು ಬಲೆಗೆ ಒಪ್ಪಿದ್ದಾರೆ. ಇನ್ನೊಬ್ಬರ ಜಮೀನು ಗುತ್ತಿಗೆಯದು. ‘ಮುಂದಿನ್ ವರ್ಷ ಈ ಹೊಲ ನಂದೋ ಅಲ್ವೋ, ನಾನ್ಯಾಕಪ್ಪ ದುಡ್ಡಾಕ್ಲಿ’ ಎಂದು ಕೇಳುತ್ತಾರೆ. ಅವರ ಪಾಲಿನ ಬಲೆಯ ದುಡ್ಡನ್ನು ಒಂಬತ್ತು ಮನೆಯವರೇ ಹಂಚಿಕೊಳ್ಳೋಣವೇ ಎಂಬ ಮಾತು ಗುಂಪಿನಲ್ಲಿ ನಡೆಯುತ್ತಿದೆ. ಇಬ್ಬರು ಬೇಡ ಎಂದಿದ್ದಾರೆ, ದೊಡ್ಡಪ್ಪ ಭಾನುವಾರ ಎಣಿಕೆ ಹೊತ್ತಿಗೆ ಎಲ್ಲರನ್ನೂ ನಮ್ಮ ಜಗುಲಿಗೆ ಬರಹೇಳಿದ್ದಾರೆ.